ಷೆರ್ಲಾಕ್ ಹೋಮ್ಸ್ ಮನೆಗೆ ಮೊದಲು ದಿಕ್ಕು ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಷೆರ್ಲಾಕ್ ಹೋಮ್ಸ್‌ನ ಮನೆಗೆ ಫೆಂಗ್‌ಶುಯಿ, ಎಂದರೆ ಮನೆಯ ಶುಭಾಶುಭ ನೋಡುವ ಚೀನಾದ ಪದ್ಧತಿ, ಮಾಡಿಸುವ ಅರ್ಧ ಪುಟದ ಬರಹ ಬಂದಿತ್ತು. ತಮಾಷೆಗೆ ಬರೆದದ್ದು ಎಂದು ಗೊತ್ತು, ಓದಿ ನಗು ಬಂತು. ಪತ್ತೇದಾರನ ಅಗ್ಗಿಷ್ಟಿಕೆಯ ಮೇಲೆ ಲಾಫಿಂಗ್ ಬುದ್ಧ ಇಡಿ, ಕಿಟಕಿಗೆ ಗಾಳಿಗಂಟೆ ಕಟ್ಟಿ, ಆಗ್ನೇಯ ಮೂಲೆಗೆ ಮನಿ ಪ್ಲಾಂಟ್, ಬಾಗಿಲ ಹತ್ತಿರ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ. ಇಷ್ಟಾದರೆ ಮನೆ ಸರಿಹೋಯಿತಂತೆ. ಪಕ್ಕದಲ್ಲೇ ಒಂದು ಬಾಕ್ಸ್. ಅದರಲ್ಲಿ ‘ಈಶಾನ್ಯದಲ್ಲಿ ನೀರಿರಲಿ, ನೈಋತ್ಯ ಭಾರವಾಗಿರಲಿ’ ಎಂದು ನಮ್ಮ ವಾಸ್ತುವನ್ನೂ ತುರುಕಿದ್ದರು.

ತಮಾಷೆಯೇ ಆಗಲಿ, ಲೆಕ್ಕ ಸರಿ ಇರಬೇಕಲ್ವಾ? ಇಡೀ ಬರಹದಲ್ಲಿ ಆ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬ ಒಂದು ಮಾತಿಲ್ಲ. ಯಾವ ವರ್ಷದಿಂದ ಅಲ್ಲಿ ವಾಸ, ಇರುವವನು ಹುಟ್ಟಿದ್ದು ಯಾವಾಗ, ಎದುರು ಮನೆ ಯಾರದ್ದು, ಯಾವುದೂ ಇಲ್ಲ. ಚೀನಾದ ಹಳೇ ಪದ್ಧತಿಯಲ್ಲಿ ಇವಿಷ್ಟೂ ಇಲ್ಲದೆ ಕೆಲಸವೇ ಶುರುವಾಗುವುದಿಲ್ಲ.

ನಾನು ಸರ್ವೇ ಇಲಾಖೆಯಲ್ಲಿದ್ದು ನಿವೃತ್ತನಾದವನು. ಚೈನು, ಕ್ರಾಸ್ ಸ್ಟಾಫ್, ಪ್ರಿಸ್ಮ್ಯಾಟಿಕ್ ಕಂಪಾಸ್ ಹೊತ್ತು ಮಲೆನಾಡಿನ ಹಳ್ಳಿ ಸುತ್ತಿದವನು. ಹೋಮ್ಸ್‌ನ ಕತೆಗಳನ್ನು ಕ್ಯಾಂಪಿನಲ್ಲಿ ಲಾಟೀನು ಬೆಳಕಿನಲ್ಲಿ ಓದಿದ್ದೆ, ಈಗಲೂ ಓದುತ್ತೇನೆ. ಫೆಂಗ್‌ಶುಯಿಯಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಅವರ ದಿಕ್ಸೂಚಿಯ ಮೇಲೆ ಬಹಳ ಗೌರವ ಇದೆ. ಅದಕ್ಕೇ ಈ ಪತ್ರ.

ಆ ದಿಕ್ಸೂಚಿಗೆ ಲುವೊಪಾನ್ ಎನ್ನುತ್ತಾರೆ. ನಡುವೆ ಉಗುರಿನಷ್ಟು ಚಿಕ್ಕ ಸೂಜಿ. ಅದರ ಸುತ್ತ ಒಂದರ ಹೊರಗೊಂದು ಉಂಗುರ, ಪ್ರತಿ ಉಂಗುರದಲ್ಲೂ ಇರುವೆ ಸಾಲಿನಂತೆ ಚೀನೀ ಅಕ್ಷರ. ಒಂದು ಉಂಗುರದಲ್ಲಿ 360 ಡಿಗ್ರಿಯನ್ನು 24 ಪಾಲು ಮಾಡಿರುತ್ತಾರೆ. ಒಂದೊಂದು ಪಾಲು 15 ಡಿಗ್ರಿ, ಅದಕ್ಕೆ ‘ಪರ್ವತ’ ಎಂದು ಹೆಸರು. ಸೂಜಿ ತೋರಿಸುವ ದಿಕ್ಕಿಗೂ ನಿಜವಾದ ದಿಕ್ಕಿಗೂ ಸ್ವಲ್ಪ ವ್ಯತ್ಯಾಸ ಇದೆ ಎಂದು ಚೀನಾದ ಶೆನ್ ಕುವೊ 11ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಯುರೋಪಿನವರ ಗಮನಕ್ಕೆ ಅದು ಬಂದದ್ದು ಎಷ್ಟೋ ಕಾಲದ ಮೇಲೆ. ಕೆಲವು ಲುವೊಪಾನ್‌ಗಳಲ್ಲಿ ಇದೇ 24 ಪಾಲಿನ ಉಂಗುರ ಮೂರು ಸಲ ಬರುತ್ತದೆ, ಒಂದಕ್ಕೊಂದು ಏಳೂವರೆ ಡಿಗ್ರಿ ಸರಿಸಿ. ಸರ್ವೇಯರ್ ಆದವನಿಗೆ ಇಂಥ ಸಾಮಾನು ನೋಡಿದರೆ ಕೈ ಕಡಿಯುತ್ತದೆ.

ಹಾಗಾಗಿ ನಾನೇ ಹೋಮ್ಸ್ ಮನೆಯನ್ನು ಹಳೇ ಪದ್ಧತಿಯಲ್ಲಿ ನೋಡಿದೆ. ಕತೆಯ ಮನೆ ಆದದ್ದರಿಂದ ಒಂದು ಅನುಕೂಲ ಇದೆ. ಫಲಿತಾಂಶ ಏನೇ ಬಂದರೂ ಯಾರ ಅಡುಗೆಮನೆ ಗೋಡೆಯೂ ಬೀಳುವುದಿಲ್ಲ.

ಮೊದಲು ವಿಳಾಸ. 221ಬಿ, ಬೇಕರ್ ಸ್ಟ್ರೀಟ್, ಲಂಡನ್. ಪೋರ್ಟ್‌ಮನ್ ಸ್ಕ್ವೇರ್ ಹತ್ತಿರ ಶುರುವಾಗಿ ಉತ್ತರಕ್ಕೆ ರೀಜೆಂಟ್ಸ್ ಪಾರ್ಕಿನ ಕಡೆ ನೆಟ್ಟಗೆ ಹೋಗುವ ಬೀದಿ ಅದು. ಕಾನನ್ ಡಾಯ್ಲ್ ಮೊದಲ ಕತೆ ಪ್ರಕಟಿಸಿದ 1887ರಲ್ಲಿ ಆ ಬೀದಿಯಲ್ಲಿ 221ರವರೆಗೆ ನಂಬರೇ ಇರಲಿಲ್ಲ. 1930ರ ದಶಕದಲ್ಲಿ ನಂಬರು ಬದಲಾದ ಮೇಲೆ ಅದು ಒಂದು ಹಣಕಾಸು ಸಂಸ್ಥೆಯ ದೊಡ್ಡ ಕಟ್ಟಡದ ಪಾಲಿಗೆ ಬಂತು. ಹೋಮ್ಸ್ ಹೆಸರಿಗೆ ಬರುವ ಕಾಗದಗಳಿಗೆ ಉತ್ತರ ಬರೆಯಲೆಂದೇ ಅವರು ಒಬ್ಬರನ್ನು ನೇಮಿಸಿದ್ದರು. 1990ರಲ್ಲಿ ಅದೇ ಬೀದಿಯಲ್ಲಿ ಮ್ಯೂಸಿಯಂ ಶುರುವಾಯಿತು. ಅದು ಇರುವುದು 237 ಮತ್ತು 241ರ ನಡುವೆ, ಬಾಗಿಲ ಮೇಲೆ ಮಾತ್ರ 221ಬಿ. ನಂಬರಿನ ತಕರಾರು ಲಂಡನ್ನಿನಲ್ಲೂ ಇದೆ ಅನ್ನಿ.

ಬೀದಿ ಉತ್ತರ–ದಕ್ಷಿಣ ಎಂದ ಮೇಲೆ ಮನೆಯ ಮುಖ ಪೂರ್ವಕ್ಕಿರಬೇಕು, ಇಲ್ಲವೇ ಪಶ್ಚಿಮಕ್ಕೆ. ಯಾವುದು? ಕತೆಗಳಲ್ಲಿ ಎಲ್ಲೂ ನೇರವಾಗಿ ಹೇಳಿಲ್ಲ. ಆದರೆ ಒಂದು ಸುಳಿವು ಇದೆ. ಸತ್ತನೆಂದುಕೊಂಡ ಹೋಮ್ಸ್ 1894ರಲ್ಲಿ ವಾಪಸ್ ಬರುವ ಕತೆಯಲ್ಲಿ ಅವನು ಗೆಳೆಯ ವಾಟ್ಸನ್‌ನನ್ನು (ಈ ಕತೆಗಳನ್ನು ಹೇಳುವವನು ಇವನೇ) ಸಂದಿಗೊಂದಿಯಲ್ಲಿ ಕರೆದುಕೊಂಡು ಹೋಗಿ, ತನ್ನ ಮನೆಗೆ ಸರಿಯಾಗಿ ಎದುರಿನ ಖಾಲಿ ಮನೆಯೊಳಗೆ ಹಿತ್ತಲ ಬಾಗಿಲಿನಿಂದ ನುಗ್ಗುತ್ತಾನೆ. ಅವರು ಬಂದ ದಾರಿ ಮ್ಯಾಂಚೆಸ್ಟರ್ ಸ್ಟ್ರೀಟ್, ಅಲ್ಲಿಂದ ಬ್ಲಾಂಡ್‌ಫರ್ಡ್ ಸ್ಟ್ರೀಟ್, ಅಲ್ಲಿಂದ ಒಂದು ಓಣಿ. ನಕ್ಷೆ ತೆಗೆದು ನೋಡಿ. ಮ್ಯಾಂಚೆಸ್ಟರ್ ಸ್ಟ್ರೀಟ್ ಇರುವುದು ಬೇಕರ್ ಸ್ಟ್ರೀಟಿನ ಪೂರ್ವಕ್ಕೆ. ಬೇಕರ್ ಸ್ಟ್ರೀಟ್ ದಾಟಿದ ಮಾತು ಕತೆಯಲ್ಲಿ ಇಲ್ಲ. ಅಂದರೆ ಖಾಲಿ ಮನೆ ಬೀದಿಯ ಪೂರ್ವದ ಸಾಲಿನಲ್ಲಿದೆ. ಹೋಮ್ಸ್ ಮನೆ ಪಶ್ಚಿಮದ ಸಾಲಿನಲ್ಲಿದ್ದು ಪೂರ್ವಕ್ಕೆ ಮುಖ ಮಾಡಿದೆ.

ಪೂರ್ವದ ಬಾಗಿಲು ಎಂದರೆ ನಮ್ಮವರು ‘ಆಹಾ’ ಅನ್ನುತ್ತಾರೆ. ಚೀನೀಯರು ಹಾಗೆ ತಟ್ಟನೆ ಅನ್ನುವುದಿಲ್ಲ. ಅವರಲ್ಲಿ ಎರಡು ದೊಡ್ಡ ಸಂಪ್ರದಾಯ ಇವೆ. ಜಿಯಾಂಗ್ಶಿ ಪ್ರಾಂತ್ಯದ ಹೆಸರಿನಲ್ಲಿ ಬಂದದ್ದು ನೆಲದ ಆಕಾರ ನೋಡುತ್ತದೆ. ಫುಜಿಯಾನ್ ಕಡೆಯದು ದಿಕ್ಸೂಚಿ ಮತ್ತು ಕಾಲದ ಲೆಕ್ಕ ಹಾಕುತ್ತದೆ. ಬಲ್ಲವರು ಎರಡನ್ನೂ ಸೇರಿಸಿ ನೋಡುತ್ತಾರೆ, ಆದರೆ ಮೊದಲು ನೆಲ. ಮನೆ ನೋಡುವವನು ಮೊದಲು ಒಳಗೇ ಬರುವುದಿಲ್ಲ. ಬೀದಿಯಲ್ಲಿ ನಿಂತು ಬೆನ್ನಿಗೇನಿದೆ, ಎಡಬಲಕ್ಕೇನಿದೆ, ಎದುರಿಗೇನಿದೆ ಎಂದು ನೋಡುತ್ತಾನೆ.

ಬೆನ್ನಿಗೆ ಕಪ್ಪು ಆಮೆ ಬೇಕು. ಎಂದರೆ ಗುಡ್ಡ, ಇಲ್ಲವೇ ಒರಗಿಕೊಳ್ಳುವಂಥ ಎತ್ತರ. ಒಳಗಿನಿಂದ ಹೊರಗೆ ನೋಡುವಾಗ ಎಡಕ್ಕೆ ಹಸಿರು ಡ್ರ್ಯಾಗನ್, ಬಲಕ್ಕೆ ಬಿಳಿ ಹುಲಿ. ಎದುರಿಗೆ ಕೆಂಪು ಹಕ್ಕಿ, ಅಲ್ಲಿ ಬಯಲಿರಬೇಕು, ನೀರಿದ್ದರೆ ಇನ್ನೂ ಒಳ್ಳೆಯದು. ಹಳೇ ಗ್ರಂಥದ ಪ್ರಕಾರ ‘ಚೀ’ ಎಂಬ ಪ್ರಾಣಶಕ್ತಿ ಗಾಳಿಗೆ ಚದುರುತ್ತದೆ, ನೀರು ಕಂಡಲ್ಲಿ ನಿಲ್ಲುತ್ತದೆ. ಊರೊಳಗೆ ಗುಡ್ಡ, ಹೊಳೆ ಎಲ್ಲಿಂದ ತರುವುದು? ಅದಕ್ಕೂ ಅವರಲ್ಲಿ ಒಂದು ಮಾತಿದೆ: ಒಂದು ಅಂಗುಲ ಎತ್ತರ ಇದ್ದರೆ ಅದೇ ಬೆಟ್ಟ, ಒಂದು ಅಂಗುಲ ತಗ್ಗಿದ್ದರೆ ಅದೇ ನೀರು. ಕಟ್ಟಡಗಳು ಬೆಟ್ಟ, ರಸ್ತೆ ಹೊಳೆ.

ಹೋಮ್ಸ್ ಮನೆಗೆ ಇದನ್ನು ಹಚ್ಚಿ ನೋಡಿ. ಎಡಬಲಕ್ಕೆ ಒಂದೇ ಎತ್ತರದ, ಗೋಡೆಗೆ ಗೋಡೆ ಅಂಟಿದ ಮನೆಗಳು. ಡ್ರ್ಯಾಗನ್ನೂ ಹುಲಿಯೂ ಸಮಸಮ, ತಕರಾರಿಲ್ಲ. ಹಿಂದೆ ಒಂದು ಅಂಗಳ, ಅದರಲ್ಲಿ ಒಂಟಿ ಪ್ಲೇನ್ ಮರ. ಈ ಮರ ಒಂದೇ ಒಂದು ಕತೆಯಲ್ಲಿ ಬರುತ್ತದೆ, ಗಾಳಿಗೆ ಅದರ ಕೊನೆಯ ಎಲೆಗಳು ಉದುರುವಾಗ. ಆಮೆ ಸ್ವಲ್ಪ ಬಡಕಲು. ಎದುರಿಗೆ ಬಯಲು ಇಲ್ಲವೇ ಇಲ್ಲ, ರಸ್ತೆ ದಾಟಿದರೆ ಎದುರು ಸಾಲಿನ ಗೋಡೆ. ರಸ್ತೆಯೋ ನೂಲು ಹಿಡಿದಂತೆ ನೇರ. ಇಂಥ ರಸ್ತೆಯಲ್ಲಿ ಚೀ ನಿಲ್ಲದೆ ಓಡಿಬಿಡುತ್ತದೆ ಎನ್ನುತ್ತದೆ ಶಾಸ್ತ್ರ. ಬಾಗಿಲ ಮುಂದೆ ಗಾಡಿಗಳು ಬರುತ್ತವೆ, ಜನ ಇಳಿಯುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ, ಹೋಗುತ್ತಾರೆ. ಪತ್ತೇದಾರನಿಗೆ ಅದೇ ಬೇಕಿತ್ತಲ್ಲ!

ನೀರಿನ ವಿಷಯದಲ್ಲಿ ಒಂದು ಸ್ವಾರಸ್ಯ ಇದೆ. ಆ ಭಾಗದಲ್ಲಿ ಟೈಬರ್ನ್ ಎಂಬ ಹೊಳೆ ಹರಿಯುತ್ತಿತ್ತು. ಊರು ಬೆಳೆದ ಹಾಗೆ ಅದನ್ನು ಮುಚ್ಚಿ ನೆಲದಡಿಯ ಕಾಲುವೆಗೆ ಇಳಿಸಿದರು. ಬೇಕರ್ ಸ್ಟ್ರೀಟಿನ ಪೂರ್ವಕ್ಕಿರುವ ಮೇರಿಲ್‌ಬೋನ್ ಲೇನ್ ಅಂಕುಡೊಂಕಾಗಿರುವುದು ಆ ಹೊಳೆಯ ದಾರಿ ಹಿಡಿದು ಬೆಳೆದದ್ದರಿಂದ. ಎಂದರೆ ಹೋಮ್ಸ್ ಮನೆಯ ಎದುರು ದಿಕ್ಕಿನಲ್ಲಿ ನೀರು ಇದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ನೆಲದಡಿಯಲ್ಲಿ ಇನ್ನೂ ಒಂದು ಹರಿವಿದೆ. 1863ರ ಜನವರಿಯಲ್ಲಿ ಶುರುವಾದ ಜಗತ್ತಿನ ಮೊದಲ ಸುರಂಗ ರೈಲಿನ ಮೊದಲ ನಿಲ್ದಾಣಗಳಲ್ಲಿ ಬೇಕರ್ ಸ್ಟ್ರೀಟೂ ಒಂದು. ಉಗಿ ಇಂಜಿನ್ನು, ಕಲ್ಲಿದ್ದಲು ಹೊಗೆ, ಎಲ್ಲ ನೆಲದೊಳಗೇ. ಪ್ರಾಚೀನ ಚೀನಾದ ಹಾನ್ ಕಾಲದ ಪಂಡಿತ ಇದಕ್ಕೆ ಏನೆನ್ನುತ್ತಿದ್ದನೋ!

ಇನ್ನು ಆ ಖಾಲಿ ಮನೆ. ಬಾಗಿಲಿಗೆ ನೇರ ಎದುರು, ಜನವಾಸ ಇಲ್ಲದ, ಕತ್ತಲು ಕವಿದ ಮನೆ ಇರುವುದು ಫೆಂಗ್‌ಶುಯಿಯಲ್ಲಿ ಒಳ್ಳೆಯ ಲಕ್ಷಣ ಅಲ್ಲ. ಕತೆಯಲ್ಲೂ ಅಷ್ಟೇ. ಹೋಮ್ಸ್‌ನ ವೈರಿ ಕರ್ನಲ್ ಮೊರಾನ್ ಅಲ್ಲಿಂದಲೇ ಏರ್‌ಗನ್ನಿನಲ್ಲಿ ಗುರಿ ಹಿಡಿಯುತ್ತಾನೆ. ಹೋಮ್ಸ್ ಮಾಡಿದ ಪರಿಹಾರ ಏನು? ತನ್ನದೇ ಮೇಣದ ಬೊಂಬೆಯನ್ನು ಕಿಟಕಿಯಲ್ಲಿಟ್ಟ. ಮನೆಯೊಡತಿ ಮಿಸೆಸ್ ಹಡ್ಸನ್ ಕಾಲು ಗಂಟೆಗೊಮ್ಮೆ ಮೊಣಕಾಲೂರಿ ಹೋಗಿ ಅದನ್ನು ಸ್ವಲ್ಪ ತಿರುಗಿಸಿ ಬರುತ್ತಿದ್ದಳು, ತನ್ನ ನೆರಳು ಬೀಳದ ಹಾಗೆ. ಗುಂಡು ಬೊಂಬೆಯ ತಲೆಗೆ ತಗುಲಿತು. ನಾವು ಕಟ್ಟುವ ಮನೆಯ ಮುಂದೆ ದೃಷ್ಟಿಬೊಂಬೆ ನಿಲ್ಲಿಸುತ್ತೇವಲ್ಲ, ಇದು ಅದೇ. ನಿಮ್ಮ ಪುರವಣಿ ಈ ಬೊಂಬೆಯ ವಿಷಯ ಎತ್ತಲೇ ಇಲ್ಲ. ಲಾಫಿಂಗ್ ಬುದ್ಧನಿಗಿಂತ ಜಾಸ್ತಿ ಕೆಲಸ ಮಾಡಿದ್ದು ಅದು.

ಈಗ ಡಿಗ್ರಿಗೆ ಬರುತ್ತೇನೆ. ಇಲ್ಲಿಂದ ಮುಂದೆ ಸರ್ವೇಯರ್ ಮಾತು, ಬೇಸರವಾದರೆ ಕತ್ತರಿಸಿಕೊಳ್ಳಿ.

ಬೇಕರ್ ಸ್ಟ್ರೀಟ್ ಪಕ್ಕಾ ಉತ್ತರಕ್ಕಿಲ್ಲ. ನಕ್ಷೆಯ ಮೇಲೆ ಕೋನಮಾಪಕ ಇಟ್ಟರೆ ಸುಮಾರು 15 ಡಿಗ್ರಿ ಪಶ್ಚಿಮಕ್ಕೆ ವಾಲಿದೆ. ಹಾಗಾಗಿ ಹೋಮ್ಸ್ ಮನೆಯ ಮುಖವೂ ಪಕ್ಕಾ ಪೂರ್ವ ಅಲ್ಲ, ಉತ್ತರದಿಂದ ಬಲಕ್ಕೆ ಅಳೆದರೆ ಹೆಚ್ಚುಕಡಿಮೆ 75 ಡಿಗ್ರಿ. ಪೂರ್ವದಿಂದ ಸ್ವಲ್ಪ ಈಶಾನ್ಯದ ಕಡೆಗೆ. ಲುವೊಪಾನ್‌ನಲ್ಲಿ 75 ಎಂದರೆ ‘ಜಿಯಾ’ ಎಂಬ ಪರ್ವತದ ನಟ್ಟನಡುವೆ. ಇವತ್ತು ಲಂಡನ್ನಿನಲ್ಲಿ ನಿಂತು ದಿಕ್ಸೂಚಿ ಹಿಡಿದರೂ ಇಷ್ಟೇ ಬರುತ್ತದೆ. ಯಾಕೆಂದರೆ ಈಗ ಅಲ್ಲಿ ಸೂಜಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಹೆಚ್ಚು ಅಂತರ ಇಲ್ಲ. 2019ರಲ್ಲಂತೂ ಗ್ರೀನಿಚ್‌ನಲ್ಲಿ ಎರಡೂ ಒಂದೇ ಆದವು, ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದಲ್ಲಿ ಮೊದಲ ಸಲ.

ಆದರೆ ಹೋಮ್ಸ್ ಆ ಮನೆಗೆ ಬಂದದ್ದು 1881ರಲ್ಲಿ. ಆಗ ಲಂಡನ್ನಿನಲ್ಲಿ ಸೂಜಿ ನಿಜವಾದ ಉತ್ತರಕ್ಕಿಂತ 18–19 ಡಿಗ್ರಿ ಪಶ್ಚಿಮಕ್ಕೆ ತಿರುಗಿರುತ್ತಿತ್ತು. ಭೂಮಿಯ ಕಾಂತ ನಿಂತಲ್ಲಿ ನಿಲ್ಲುವುದಿಲ್ಲ, ಸರಿಯುತ್ತಾ ಇರುತ್ತದೆ. ಲುವೊಪಾನ್‌ಗೆ ಸೂಜಿಯೇ ಪ್ರಮಾಣ. ಆವತ್ತು ಹಿಡಿದಿದ್ದರೆ ಅದೇ ಮನೆ, ಅದೇ ಬಾಗಿಲು 93 ಡಿಗ್ರಿ ತೋರಿಸುತ್ತಿತ್ತು. ಎಂದರೆ ಪಕ್ಕದ ಪರ್ವತ, ‘ಮಾವೊ’. ಮನೆ ಅಲುಗಾಡಿಲ್ಲ, ಸೂಜಿ ಅಲುಗಿದೆ.

ಪರ್ವತ ಬದಲಾದರೆ ಏನು ಮಹಾ? ಬಹಳ ಇದೆ. ಫೆಂಗ್‌ಶುಯಿಯಲ್ಲಿ ‘ಹಾರುವ ನಕ್ಷತ್ರ’ ಎಂಬ ಲೆಕ್ಕ ಇದೆ. ಕಾಲವನ್ನು 20 ವರ್ಷದ ಒಂಬತ್ತು ಅವಧಿಗಳಾಗಿ ಭಾಗ ಮಾಡುತ್ತಾರೆ, ಎಲ್ಲ ಸೇರಿ 180 ವರ್ಷ. 1864ರಿಂದ 1883 ಮೊದಲ ಅವಧಿ, 1884ರಿಂದ 1903 ಎರಡನೆಯದು. ಈಗ ನಡೆಯುತ್ತಿರುವುದು ಒಂಬತ್ತನೆಯದು, 2024ರಲ್ಲಿ ಶುರುವಾಗಿ 2043ರವರೆಗೆ. ಒಂಬತ್ತು ಮನೆಯ ಚೌಕದಲ್ಲಿ ಅವಧಿಯ ಅಂಕಿಯನ್ನು ನಡುವೆ ಇಟ್ಟು, ಕೂರುವ ದಿಕ್ಕು (ಮನೆಯ ಬೆನ್ನು) ಮತ್ತು ನೋಡುವ ದಿಕ್ಕಿನ (ಮನೆಯ ಮುಖ) ಅಂಕಿಗಳನ್ನು ಮುಂದಕ್ಕೋ ಹಿಂದಕ್ಕೋ ಹರಿಸಬೇಕು. ಮುಂದಕ್ಕೋ ಹಿಂದಕ್ಕೋ ಎಂಬುದನ್ನು ತೀರ್ಮಾನಿಸುವುದು ಆ 15 ಡಿಗ್ರಿಯ ಪರ್ವತವೇ. ಕಟ್ಟಿದ ವರ್ಷ ಹಿಡಿಯಬೇಕೋ ವಾಸಕ್ಕೆ ಬಂದ ವರ್ಷ ಹಿಡಿಯಬೇಕೋ ಎಂದು ಪಂಡಿತರಲ್ಲೇ ಜಗಳ ಇದೆ. ನಾನು ವಾಸಕ್ಕೆ ಬಂದದ್ದನ್ನೇ ಹಿಡಿದೆ.

ಕಾಗದ, ಪೆನ್ಸಿಲು ತೆಗೆದುಕೊಂಡು ಎರಡು ಚೌಕ ಹಾಕಿದೆ. ಜಿಯಾ ಹಿಡಿದರೆ ಒಂದು ಎಂಬ, ಆ ಮೊದಲ ಅವಧಿಯ ಶುಭ ಅಂಕಿ ಎರಡಕ್ಕೆ ಎರಡೂ ಮನೆಯ ಮುಂಭಾಗಕ್ಕೆ ಬಂದು ಕೂರುತ್ತವೆ. ದುಡ್ಡಿಗೆ ಒಳ್ಳೆಯದು, ಮನೆಯವರಿಗೆ ಅಷ್ಟಕ್ಕಷ್ಟೇ. ಮಾವೊ ಹಿಡಿದರೆ ಎರಡೂ ಹಿಂಭಾಗಕ್ಕೆ ಹೋಗುತ್ತವೆ. ಜನಕ್ಕೆ, ಆರೋಗ್ಯಕ್ಕೆ ಒಳ್ಳೆಯದು, ದುಡ್ಡಿಗೆ ಅಷ್ಟಕ್ಕಷ್ಟೇ. ಅಚ್ಚರಿ ಇರುವುದು ಇಲ್ಲೇ. 1881ರ ಸೂಜಿಯ ಪ್ರಕಾರ ಬರುವ ಎರಡನೇ ಫಲ ಕತೆಗೆ ತಾಳೆಯಾಗುತ್ತದೆ. ಹೋಮ್ಸ್ ಆ ಕೋಣೆಗಳ ಬಾಡಿಗೆ ಒಬ್ಬನೇ ಕೊಡಲಾಗದೆ ಪಾಲುದಾರನನ್ನು ಹುಡುಕುತ್ತಿದ್ದ. ಬಂದವನು ವಾಟ್ಸನ್. 1880ರ ಜುಲೈಯಲ್ಲಿ ಅಫ್ಘಾನಿಸ್ತಾನದ ಮೈವಂದ್ ಯುದ್ಧದಲ್ಲಿ ಗುಂಡು ತಿಂದು, ಆಮೇಲೆ ಪೇಶಾವರದಲ್ಲಿ ವಿಷಮಶೀತ ಜ್ವರ ಬಂದು ಕಡ್ಡಿಯಾಗಿದ್ದವನು. ಆ ಮನೆಯಲ್ಲಿ ಅವನು ಚೇತರಿಸಿಕೊಂಡ, ಜೀವದ ಗೆಳೆಯನೂ ಸಿಕ್ಕಿದ.

ಖುಷಿಪಡುವ ಮೊದಲು ಮುಂದಿನದನ್ನೂ ನೋಡಿ. 1884ರಲ್ಲಿ ಅವಧಿ ಬದಲಾಯಿತು. ಒಂದರ ಬಲ ಇಳಿಯಬೇಕು, ಮನೆಯ ಭಾಗ್ಯ ಬಾಡಬೇಕು. ಆದದ್ದು ಉಲ್ಟಾ. ಹೋಮ್ಸ್‌ಗೆ ಹೆಸರು ಬಂದದ್ದೇ ಆಮೇಲೆ. ಅವನು ಕೊಟ್ಟ ಬಾಡಿಗೆಯಲ್ಲಿ ಆ ಮನೆಯನ್ನೇ ಕೊಂಡುಕೊಳ್ಳಬಹುದಿತ್ತು ಎಂದು ವಾಟ್ಸನ್ ಒಂದು ಕಡೆ ಬರೆಯುತ್ತಾನೆ. ಶಾಸ್ತ್ರ ಇಲ್ಲಿ ಎಡವಿತು. ಒಂದು ಕಾಕತಾಳೀಯ ಮಾತ್ರ ಹೇಳದೆ ಇರಲಾರೆ. 1903ರ ಸೆಪ್ಟೆಂಬರಿನ ಒಂದು ಕೇಸು ನಿವೃತ್ತಿಗೆ ಮುಂಚಿನ ತೀರಾ ಕೊನೆಯ ಕೇಸುಗಳಲ್ಲಿ ಒಂದು ಎಂದು ವಾಟ್ಸನ್ ಹೇಳಿದ್ದಾನೆ. ಎರಡನೇ ಅವಧಿ ಮುಗಿದದ್ದು 1904ರ ಫೆಬ್ರುವರಿ ಮೊದಲ ವಾರದಲ್ಲಿ. ಅವಧಿಯ ಜೊತೆಗೇ ಬಾಡಿಗೆದಾರನೂ ಎದ್ದು ಹೋದಂತಾಯಿತು.

ಇನ್ನು ಮನುಷ್ಯನ ಲೆಕ್ಕ. ಇದು ಸುಲಭ, ಯಾರು ಬೇಕಾದರೂ ಮಾಡಬಹುದು. ಹುಟ್ಟಿದ ವರ್ಷದ ಅಂಕಿಗಳನ್ನು ಒಂದೇ ಅಂಕಿ ಬರುವವರೆಗೆ ಕೂಡಬೇಕು. ಗಂಡಸಾದರೆ ಅದನ್ನು 11ರಿಂದ ಕಳೆಯಬೇಕು. ಬಂದದ್ದು ಅವನ ‘ಕುವಾ’, ಅವನಿಗೆ ಯಾವ ದಿಕ್ಕು ಆಗಿಬರುತ್ತದೆ ಎಂದು ಹೇಳುವ ಅಂಕಿ. 1914ರ ಆಗಸ್ಟಿನಲ್ಲಿ ನಡೆಯುವ ಕತೆಯಲ್ಲಿ ಹೋಮ್ಸ್‌ಗೆ ಅರವತ್ತರ ಆಸುಪಾಸು. ಹಾಗಾಗಿ ಹುಟ್ಟಿದ್ದು 1854. ಒಂದು, ಎಂಟು, ಐದು, ನಾಲ್ಕು ಕೂಡಿದರೆ 18, ಅದನ್ನು ಕೂಡಿದರೆ 9. 11ರಲ್ಲಿ 9 ಹೋದರೆ 2. ಕುವಾ ಎರಡರವನಿಗೆ ಪೂರ್ವ ದಿಕ್ಕು ‘ಹುವೊ ಹಾಯ್’, ಎಂದರೆ ಕಿರುಕುಳ, ಅಡ್ಡಿ ಆತಂಕ. ಪೂರ್ವದ ಖಾಲಿ ಮನೆಯಿಂದ ಗುಂಡು ಬಂದದ್ದು ನೆನಪಿದೆಯಲ್ಲ, ಪಂಡಿತರು ಇಲ್ಲಿ ಗೆದ್ದೆ ಅನ್ನುತ್ತಾರೆ.

ತಡೆಯಿರಿ. ಹೋಮ್ಸ್ ಹುಟ್ಟಿದ್ದು ಜನವರಿ 6 ಎಂದು ಅಭಿಮಾನಿಗಳು ಮೊದಲಿನಿಂದ ಆಚರಿಸಿಕೊಂಡು ಬಂದಿದ್ದಾರೆ. ಕುವಾ ಲೆಕ್ಕದಲ್ಲಿ ವರ್ಷ ಶುರುವಾಗುವುದು ಜನವರಿ ಒಂದಕ್ಕಲ್ಲ, ಸೌರಮಾನದ ‘ಲಿ ಚುನ್’ ದಿನಕ್ಕೆ, ಸುಮಾರು ಫೆಬ್ರುವರಿ 4ಕ್ಕೆ. ಜನವರಿ 6ಕ್ಕೆ ಹುಟ್ಟಿದವನು ಹಿಂದಿನ ವರ್ಷದವನು, ಎಂದರೆ 1853. ಕೂಡಿದರೆ 17, ಮತ್ತೆ 8. ಹನ್ನೊಂದರಿಂದ ಕಳೆದರೆ 3. ಕುವಾ ಮೂರರವನಿಗೆ ಪೂರ್ವ ಶುಭ! ‘ಫು ವೇಯ್’, ನೆಲೆ ನಿಲ್ಲಿಸುವ ದಿಕ್ಕು. ಒಂದು ತಿಂಗಳ ವ್ಯತ್ಯಾಸಕ್ಕೆ ಕೆಟ್ಟ ಬಾಗಿಲು ಒಳ್ಳೆಯದಾಯಿತು. ನಮ್ಮಲ್ಲಿ ಕುವಾ ಹೇಳಿಸಿಕೊಂಡು ಮಂಚ ತಿರುಗಿಸಿದವರಲ್ಲಿ ಜನವರಿಯಲ್ಲಿ ಹುಟ್ಟಿದವರು ಎಷ್ಟು ಮಂದಿಯೋ! ಅವರಿಗೆ ಈ ವಿಷಯ ಯಾರಾದರೂ ಹೇಳಿದ್ದಾರಾ?

ಮನೆಯ ಒಳಗಿನದ್ದು ಬೇಗ ಮುಗಿಸುತ್ತೇನೆ. ಹದಿನೇಳು ಮೆಟ್ಟಿಲು ಹತ್ತಿದರೆ ಗಾಳಿ ಬೆಳಕಿನ ದೊಡ್ಡ ಕೋಣೆ, ಬೀದಿಗೆ ಎರಡು ಅಗಲ ಕಿಟಕಿ. ಚುಟ್ಟಾ ಕಲ್ಲಿದ್ದಲ ಬುಟ್ಟಿಯಲ್ಲಿ, ತಂಬಾಕು ಪರ್ಷಿಯನ್ ಚಪ್ಪಲಿಯ ತುದಿಯಲ್ಲಿ. ಉತ್ತರ ಬರೆಯದ ಕಾಗದಗಳನ್ನು ಅಗ್ಗಿಷ್ಟಿಕೆಯ ಮರದ ಹಲಗೆಗೆ ಚಾಕುವಿನಲ್ಲಿ ಚುಚ್ಚಿಟ್ಟಿದ್ದಾನೆ. ಬೇಸರವಾದಾಗ ಕುರ್ಚಿಯಲ್ಲಿ ಕೂತೇ ಎದುರು ಗೋಡೆಗೆ ಪಿಸ್ತೂಲು ಹಾರಿಸಿ ರಾಣಿಯ ಹೆಸರಿನ ಎರಡಕ್ಷರ ಕೊರೆದಿದ್ದಾನೆ. ಮೂಲೆಯಲ್ಲಿ ಆಸಿಡ್ ಕಲೆಯ ಮೇಜು. ಚಾಕು ತೆಗೆಯಿರಿ ಎಂದು ನಿಮ್ಮ ಪುರವಣಿ ಹೇಳಿದ್ದು ಸರಿಯೇ. ಚೂಪು ಕಂಡರೆ ಫೆಂಗ್‌ಶುಯಿಯವರಿಗೆ ಆಗುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ 1990ರಲ್ಲಿ ಎದ್ದ ಬ್ಯಾಂಕ್ ಆಫ್ ಚೀನಾ ಗೋಪುರದ ಚೂಪು ಅಂಚುಗಳು ಕತ್ತಿಯಂತಿವೆ ಎಂದು ಜನ ಗೊಣಗಿದರು. ಹತ್ತಿರದ ಎಚ್‌ಎಸ್‌ಬಿಸಿ ಕಟ್ಟಡದ ತುದಿಯ ಕ್ರೇನುಗಳು ಅದಕ್ಕೆ ಉತ್ತರವಾಗಿ ಇಟ್ಟ ಫಿರಂಗಿಗಳು ಎಂದು ಇವತ್ತಿಗೂ ಅಲ್ಲಿ ಹೇಳುತ್ತಾರೆ. ಅಷ್ಟು ಗಂಭೀರ ವಿಷಯ ಅದು. ಆದರೆ ಚಾಕು ತೆಗೆದು ಅದೇ ಜಾಗಕ್ಕೆ ಲಾಫಿಂಗ್ ಬುದ್ಧ ಯಾಕೆ? ಅವನು ಬುಡಾಯ್, ಹತ್ತನೇ ಶತಮಾನದ ಒಬ್ಬ ಅಲೆಮಾರಿ ಬೌದ್ಧ ಸನ್ಯಾಸಿ. ಲುವೊಪಾನ್‌ಗೂ ಅವನಿಗೂ ಸಂಬಂಧ ಇಲ್ಲ. ದುಡ್ಡಿನ ಮೂಲೆ, ಮದುವೆಯ ಮೂಲೆ ಎಂದು ಬಾಗಿಲಿನಿಂದ ಅಳೆಯುವ ನಕ್ಷೆ ಇದೆಯಲ್ಲ, ಅದು ಲಿನ್ ಯುನ್ ಎಂಬವರು 1980ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಸಿದ ಪಂಥದ್ದು. ಅವರಿಗೆ ದಿಕ್ಸೂಚಿಯೇ ಬೇಡ. ನಮ್ಮ ಅಂಗಡಿಗಳ ಫೆಂಗ್‌ಶುಯಿಯಲ್ಲಿ ಬಹುಪಾಲು ಈ ಸರಕು.

ದಿಕ್ಸೂಚಿ ಬಂದರೂ ಕಷ್ಟವೇ. ನನ್ನ ತಂಗಿಯ ಫ್ಲಾಟಿಗೆ ಒಬ್ಬ ಸಲಹೆಗಾರ ಬಂದಿದ್ದ. ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿಗೆ ಮೊಣಕೈ ಊರಿ, ಮೊಬೈಲನ್ನು ಗ್ರಿಲ್ಲಿಗೆ ತಾಗಿಸಿ ಹಿಡಿದು, ‘ನಿಮ್ಮದು ಆಗ್ನೇಯ’ ಎಂದ. ಫೋನಿನ ಕವರಿನಲ್ಲಿ ಮ್ಯಾಗ್ನೆಟ್ ಬೇರೆ. ನಾನು ಅವನ ತೋಳು ಹಿಡಿದು ಕೋಣೆಯ ನಡುವಿಗೆ ಕರೆತಂದೆ, ಕವರು ಬಿಚ್ಚಿಸಿದೆ. ಮುಳ್ಳು ಮೂವತ್ತು ಡಿಗ್ರಿ ಆಚೆ ಹೋಯಿತು. ‘ಸಾರ್, ಅಷ್ಟೆಲ್ಲ ನೋಡಿದರೆ ಕೆಲಸ ಆಗಲ್ಲ’ ಎಂದ. ಮೂವತ್ತು ಡಿಗ್ರಿ ಎಂದರೆ ಎರಡು ಪರ್ವತ! ಅಷ್ಟರಲ್ಲಿ ತಂಗಿ ಅಡುಗೆಮನೆ ಸಿಂಕ್ ಸ್ಥಳಾಂತರಕ್ಕೆ ಪ್ಲಂಬರ್‌ಗೆ ಅಡ್ವಾನ್ಸ್ ಕೊಟ್ಟಾಗಿತ್ತು.

ವಾಸ್ತುವನ್ನೂ ಇದನ್ನೂ ಒಂದೇ ಬಾಕ್ಸಿನಲ್ಲಿ ಹಾಕಿದ್ದು ನನಗೆ ಇನ್ನೂ ಬೇಸರ ತಂದ ವಿಷಯ. ನಮ್ಮ ವಾಸ್ತುವಿನಲ್ಲಿ ಉತ್ತರ ಕುಬೇರನ ದಿಕ್ಕು. ಅಲ್ಲಿ ತೆರಪಿರಬೇಕು, ಹಗುರ ಇರಬೇಕು, ತಗ್ಗಿರಬೇಕು. ಭಾರ, ಎತ್ತರ ಎಲ್ಲ ದಕ್ಷಿಣಕ್ಕೆ, ನೈಋತ್ಯಕ್ಕೆ. ಚೀನಾದ ಆದರ್ಶ ಮನೆ ಇದಕ್ಕೆ ತದ್ವಿರುದ್ಧ. ಉತ್ತರಕ್ಕೆ ಬೆನ್ನು ಕೊಟ್ಟು ಗುಡ್ಡಕ್ಕೆ ಒರಗಬೇಕು, ದಕ್ಷಿಣಕ್ಕೆ ತೆರೆದಿರಬೇಕು. ಅವರ ಉತ್ತರದಿಂದ ಬರುವುದು ಮಂಗೋಲಿಯಾದ ಕೊರೆಯುವ ಗಾಳಿ, ದಕ್ಷಿಣದಿಂದ ಚಳಿಗಾಲದ ಬಿಸಿಲು. ನಮಗೆ ಬಿಸಿಲು ಮೊದಲೇ ಜಾಸ್ತಿ. ಎರಡನ್ನೂ ಒಟ್ಟಿಗೆ ಪಾಲಿಸುವವನು ಉತ್ತರಕ್ಕೆ ಗುಡ್ಡವನ್ನೂ ಕಟ್ಟಬೇಕು, ಅಗೆದು ತಗ್ಗನ್ನೂ ಮಾಡಬೇಕು.

ಹೋಮ್ಸ್ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಅವನ ಎರಡನೇ ಮನೆ. ಬೇಕರ್ ಸ್ಟ್ರೀಟ್ ಬಾಡಿಗೆಯದು, ಸಿಕ್ಕಿದ್ದರಲ್ಲಿ ಇದ್ದ. ನಿವೃತ್ತನಾದ ಮೇಲೆ ಜೇನು ಸಾಕಲು ಸಸೆಕ್ಸ್‌ಗೆ ಹೋದನಲ್ಲ, ಆ ಜಾಗ ತಾನೇ ಆರಿಸಿದ್ದು. ಅದರ ವಿವರವನ್ನು ಅವನ ಬಾಯಲ್ಲೇ ಕೇಳುತ್ತೇವೆ: ಡೌನ್ಸ್ ಎಂಬ ಸುಣ್ಣಗಲ್ಲಿನ ಗುಡ್ಡಸಾಲಿನ ದಕ್ಷಿಣ ಇಳಿಜಾರಿನಲ್ಲಿ ಮನೆ, ಎದುರಿಗೆ ಕಣ್ಣು ಹಾಯುವಷ್ಟು ದೂರ ಇಂಗ್ಲಿಷ್ ಕಾಲುವೆಯ ಸಮುದ್ರ. ಬೆನ್ನಿಗೆ ಗುಡ್ಡ, ಉತ್ತರಕ್ಕೆ. ಎದುರಿಗೆ ನೀರು, ದಕ್ಷಿಣಕ್ಕೆ. ಕಪ್ಪು ಆಮೆ, ಕೆಂಪು ಹಕ್ಕಿ ಎರಡೂ ಪಠ್ಯಪುಸ್ತಕದ ಚಿತ್ರದ ಹಾಗೆ. ಚೀನಾದ ಯಾವ ಪಂಡಿತನನ್ನು ಕರೆಸಿದ್ದರೂ ಅದೇ ಜಾಗಕ್ಕೆ ಕೋಲು ನೆಡುತ್ತಿದ್ದ. ಹೋಮ್ಸ್ ಯಾರನ್ನೂ ಕರೆಸಲಿಲ್ಲ. ಉತ್ತರದ ಗಾಳಿ ತಡೆಯಿತು, ಬಿಸಿಲು ಬಿತ್ತು, ಜೇನಿಗೆ ಹೂವಿನ ಇಳಿಜಾರು ಸಿಕ್ಕಿತು. ಇಷ್ಟು ನೋಡಲು ಕಣ್ಣು ಸಾಕು. ಅದೇ ದಕ್ಷಿಣಕ್ಕೆ ಕುವಾ ಲೆಕ್ಕ ಹಾಕಿ: ಮೂರರವನಿಗೆ ಅದು ‘ಶೆಂಗ್ ಚೀ’, ಎಲ್ಲಕ್ಕಿಂತ ಶ್ರೇಷ್ಠ. ಎರಡರವನಿಗೆ ‘ಲಿಯು ಶಾ’, ಆರು ಕೇಡು. ಜಾಗ ಒಂದೇ, ಮನುಷ್ಯ ಒಬ್ಬನೇ, ಹುಟ್ಟಿದ ತಿಂಗಳು ಮಾತ್ರ ಗುಮಾನಿ.

ನೆಲ ನೋಡುವ ಭಾಗದಲ್ಲಿ ಹುರುಳಿದೆ, ಅದನ್ನು ನಮ್ಮ ಹಳ್ಳಿಯ ಹಿರಿಯರೂ ಒಪ್ಪುತ್ತಾರೆ. ಅಂಕಿಗಳ ಭಾಗ ಚೆಂದದ ಗಣಿತ, ಹೊತ್ತು ಹೋಗಲು ನನಗೂ ಇಷ್ಟ, ಗೋಡೆ ಒಡೆಯಲು ಸಾಲದು. ಅಂಗಡಿಯಲ್ಲಿ ಸಿಗುವ ಕಪ್ಪೆ, ಗಂಟೆ ಇವೆರಡರಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಈ ಮೂರನ್ನು ಕಲಸಿ ಬಡಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಪುರವಣಿಯಲ್ಲಿ ಇನ್ನೂ ಬೇರೆ ಬೇರೆ ಕಥಾನಾಯಕರ ಮನೆಗಳು ಬರಲಿವೆ ಎಂದು ಕೆಳಗೆ ಹಾಕಿದ್ದೀರಿ. ಬರಲಿ, ಓದುತ್ತೇನೆ. ಒಂದೊಂದರ ಜೊತೆಗೂ ಮೂರು ಸಾಲು ಹಾಕಿಸಿ: ಬಾಗಿಲಿನ ಮುಖ ಎಷ್ಟು ಡಿಗ್ರಿ, ವಾಸ ಯಾವ ವರ್ಷದಿಂದ, ಹುಟ್ಟಿದ ದಿನ ಯಾವುದು. ಇವು ಸಿಗದ ನಾಯಕನ ಮನೆಯನ್ನು ಬಿಟ್ಟುಬಿಡಿ.

ಕಲಾವಿದರಿಗೂ ಒಂದು ಮಾತು. ಚಿತ್ರ ಚೆನ್ನಾಗಿತ್ತು. ಆದರೆ 221ಬಿಗೆ ಕಾಂಪೌಂಡು, ಗೇಟು, ಗೇಟಿನ ಪಕ್ಕ ತೆಂಗಿನ ಗಿಡ ಬರೆದಿದ್ದಾರೆ. ಅದು ಸಾಲುಮನೆ. ಬಾಗಿಲು ತೆರೆದರೆ ನೇರ ಫುಟ್‌ಪಾತು.

ಇತಿ,
ಒಬ್ಬ ನಿವೃತ್ತ ಸರ್ವೇಯರ್
ತೀರ್ಥಹಳ್ಳಿ